ಹೊಲಿಗೆ ಮೈಲಿಗೆಯೆ?

ಬೂರುಗದ ಮರ ಕಾದ ಗಿಳಿಯ ಮಾತು ಕನ್ನಡದಲ್ಲೂ ಇದೆ, ತಮಿಳಿನಲ್ಲೂ ಇದೆ. ಎಲೆ ಉದುರಿದ ಮರದ ತುಂಬ ದಪ್ಪ ಕಾಯಿಗಳು ತೂಗುವುದನ್ನು ಕಂಡು, ಇನ್ನೇನು ಹಣ್ಣಾದೀತು ಎಂದು ಗಿಳಿ ಕಾಯುತ್ತದೆ. ಕಾಯಿ ಹಣ್ಣಾಗುವುದೇ ಇಲ್ಲ. ಒಣಗುತ್ತದೆ, ಬಿರಿಯುತ್ತದೆ, ಒಳಗಿನ ಅರಳೆ ಗಾಳಿಯ ಪಾಲಾಗುತ್ತದೆ. ಲೋಕದ ಮೇಲೆ ಆಸೆ ಇಟ್ಟವರ ಗತಿ ಇಷ್ಟೇ ಎಂದು ವೈರಾಗ್ಯ ಹೇಳುವವರು ಈ ಗಿಳಿಯನ್ನು ತೋರಿಸುತ್ತ ಬಂದಿದ್ದಾರೆ. ಆದರೆ ತೇನಿ ಜಿಲ್ಲೆಯ ಬೋಡಿನಾಯಕನೂರಿನ ಸುತ್ತಲಿನ ಬೆಟ್ಟದ ಇಳಿಜಾರುಗಳಲ್ಲಿ ಅದೇ ಕಾಯಿ ಒಣಗಲಿ ಎಂದೇ ಮನುಷ್ಯರು ಕಾಯುತ್ತಾರೆ. ತಮಿಳರು ಇಲವಂ ಪಂಜು ಎನ್ನುವ ಈ ಅರಳೆ ಅಲ್ಲಿಂದ ಹಾಸಿಗೆ ದಿಂಬು ಮಾಡುವವರ ಕೈಗೆ ಹೋಗುತ್ತದೆ. ಅದರ ಎಳೆ ಗಿಡ್ಡ, ನುಣುಪು, ಮೇಣ ಸವರಿದಂಥದ್ದು. ಹತ್ತಿಯ ಎಳೆಯಂತೆ ಒಂದಕ್ಕೊಂದು ಹೊಸೆದುಕೊಳ್ಳುವುದಿಲ್ಲ. ಆದ್ದರಿಂದ ಅದನ್ನು ನೂಲಾಗಿಸುವುದು ಬಲು ಕಷ್ಟ. ನೀರು ಹೀರದೆ ತೇಲುವ ಗುಣಕ್ಕಾಗಿ ಒಂದು ಕಾಲಕ್ಕೆ ಹಡಗಿನವರ ಜೀವರಕ್ಷಕ ಅಂಗಿಗಳಿಗೆ ಅದನ್ನೇ ತುಂಬುತ್ತಿದ್ದರು. ತಾನೇ ಬಟ್ಟೆಯಾಗಲಾರದ ಈ ಅರಳೆ ಯಾರ ತಲೆಗಾದರೂ ಆಸರೆಯಾಗಬೇಕಾದರೆ ಬೇರೊಂದು ಬಟ್ಟೆ ಬೇಕು, ಆ ಬಟ್ಟೆಯ ಅಂಚುಗಳನ್ನು ಯಾರೋ ಕೂತು ಹೊಲಿಯಬೇಕು. ಗಿಳಿ ಆಸೆಪಟ್ಟದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅದರ ಬಳಿ ಸೂಜಿ ಇರಲಿಲ್ಲ, ಅಷ್ಟೆ.

ದಿಂಬಿಗೆ ಗವಸು, ಹಳೆಯ ಸೀರೆಯಿಂದ ಕಿಟಕಿಗೊಂದು ಪರದೆ, ಚೂರು ಬಟ್ಟೆ ಜೋಡಿಸಿ ಬಾಗಿಲಿಗೊಂದು ತೋರಣ: ಹೊಲಿಗೆ ಕಲಿಯುವವರು ಮೊದಲು ಕೈಹಾಕುವ ಈ ಕೆಲಸಗಳನ್ನು ತತ್ತ್ವವಿಚಾರದ ಪಂಕ್ತಿಯಲ್ಲಿ ಯಾರೂ ಕೂರಿಸುವುದಿಲ್ಲ. ಆದರೂ ಅವುಗಳ ಒಳಗೆ ಹಳೆಯದೊಂದು ಧಾರ್ಮಿಕ ಪ್ರಶ್ನೆ ಅಡಗಿದೆ. ಪೂರ್ಣ ಎಂದರೆ ಕತ್ತರಿ ತಾಗದೆ ಉಳಿದದ್ದೊ, ಅಥವಾ ಕತ್ತರಿಸಿದ ಮೇಲೆ ಕೂಡಿಕೊಂಡದ್ದೊ? ನಮ್ಮ ಮಡಿಯ ಕಲ್ಪನೆ ಮೊದಲನೆಯದನ್ನು ಹಿಡಿದು ಕೂತಿದೆ. ನನ್ನ ವಾದ ಎರಡನೆಯದರ ಪರವಾಗಿದೆ. ಈ ಪ್ರಶ್ನೆಯನ್ನು ಅದೇ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಟ್ಟು ನೋಡುವುದಕ್ಕೂ ಕಾರಣವಿದೆ. ಉತ್ತಮಪಾಳಯಂ ತಾಲ್ಲೂಕಿನ ಹನುಮಂತನಪಟ್ಟಿ ಇರುವ ಈ ಕಣಿವೆಯಲ್ಲಿ, ದಿಂಡಿಗಲ್‌ವರೆಗಿನ ಊರುಗಳಲ್ಲಿ, ಕಪ್ಪಿಲಿಯರು, ಅನುಪ್ಪರು, ದೇವಾಂಗರು ಮುಂತಾದವರ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಉಳಿದುಬಂದಿದೆ. ಶಾಲೆ ತಮಿಳಿನದು, ಬರಹ ತಮಿಳಿನದು, ಒಲೆಯ ಮುಂದಿನ ಮಾತು ಕನ್ನಡದ್ದು. ಹನುಮಂತನಪಟ್ಟಿ ಎಂಬ ಹೆಸರಿನ ಕೊನೆಗಿರುವ ಪಟ್ಟಿ ಎಂಬ ಮಾತನ್ನೇ ನೋಡಿ. ತಮಿಳಿನಲ್ಲಿ ಅದು ದನದ ದೊಡ್ಡಿ, ಚಿಕ್ಕ ಹಳ್ಳಿ. ನಮ್ಮ ಹಟ್ಟಿ ಅದರದೇ ದಾಯಾದಿ. ಪಕಾರ ಹಕಾರವಾಗದೆ ಉಳಿದ ಪಟ್ಟಿ ಎಂಬ ಮಾತು ಕನ್ನಡದ ಕಿವಿಗೆ ಕೇಳಿಸುವುದು ಮಾತ್ರ ಬೇರೆ ಥರ: ಬಟ್ಟೆಯ ಒಂದು ಉದ್ದನೆಯ ತುಂಡು. ಕತ್ತರಿಸಿ ದೂರ ಹೋದ ತುಂಡೊಂದು ಇನ್ನೊಂದು ಬಟ್ಟೆಗೆ ಕೂಡಿಕೊಂಡು ಬಾಳುವುದನ್ನು ಯೋಚಿಸಲು ಇದಕ್ಕಿಂತ ತಕ್ಕ ಜಾಗ ಸಿಕ್ಕುವುದು ಕಷ್ಟ.

ಮೊದಲು ಎದುರು ಪಕ್ಷದ ಮಾತನ್ನು ನ್ಯಾಯವಾಗಿ ಇಡಬೇಕು. ಸಂಪ್ರದಾಯಸ್ಥರ ಮನೆಗಳಲ್ಲಿ ಪೂಜೆಗೆ, ಶ್ರಾದ್ಧಕ್ಕೆ, ಮಡಿಯ ಅಡುಗೆಗೆ ಉಡುವುದು ಪಂಚೆ, ಉತ್ತರೀಯ, ಸೀರೆ. ಅಂಗಿಯನ್ನು ಕಳಚಿಟ್ಟೇ ಒಳಗೆ ಹೋಗಬೇಕೆನ್ನುವ ಗುಡಿಗಳು ದಕ್ಷಿಣದಲ್ಲಿ ಈಗಲೂ ಇವೆ. ಧರ್ಮಶಾಸ್ತ್ರದ ಸಂಗ್ರಹಗಳಲ್ಲಿ ಮತ್ತೆ ಮತ್ತೆ ಎದುರಾಗುವ ನಿಯಮವೊಂದು, ಕರ್ಮಕ್ಕೆ ಕೂಡದ ಬಟ್ಟೆಗಳನ್ನು ಎಣಿಸುತ್ತದೆ: ಹೊಲಿದದ್ದು, ಸುಟ್ಟದ್ದು, ಇನ್ನೊಬ್ಬರದು, ಇಲಿ ಕಡಿದದ್ದು, ಜೀರ್ಣವಾದದ್ದು. ಹೊಲಿಗೆಯನ್ನು ಬೆಂಕಿ ಮತ್ತು ಇಲಿಯ ಜೊತೆಗೆ ಸೇರಿಸಿದ್ದನ್ನು ಗಮನಿಸಬೇಕು. ಅದೂ ಬಟ್ಟೆಗೆ ಆದ ಒಂದು ಗಾಯ ಎಂಬ ಭಾವನೆ ಅದರ ಹಿಂದಿದೆ. ಇದು ನಮ್ಮದೊಂದೇ ಹಟವಲ್ಲ. ಹಜ್‌ಗೆ ಹೋಗುವ ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆಗಳನ್ನು ಉಟ್ಟು ಹೊದೆಯುತ್ತಾರೆ. ಯೋಹಾನನ ಸುವಾರ್ತೆಯಲ್ಲಿ, ಶಿಲುಬೆಗೇರಿಸಿದ ಯೇಸುವಿನ ಒಳಂಗಿ ಮೇಲಿಂದ ಕೆಳಗಿನವರೆಗೆ ಹೊಲಿಗೆಯಿಲ್ಲದೆ ನೇಯ್ದದ್ದಾಗಿತ್ತೆಂಬ ಕಾರಣಕ್ಕೆ ಸೈನಿಕರು ಅದನ್ನು ಹರಿಯದೆ ಚೀಟಿ ಹಾಕುತ್ತಾರೆ. ಕಂಬಂ ಕಣಿವೆಯಲ್ಲೇ ಇದಕ್ಕೆ ಬೇರೊಂದು ರೂಪವಿದೆ. ಅಲ್ಲಿನ ಕಪ್ಪಿಲಿಯರು ದೇವರ ಆವು ಎಂಬ ಹಿಂಡನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ದಕ್ಷಿಣ ಭಾರತದ ಜಾತಿಗಳನ್ನು ಕುರಿತು 1909ರಲ್ಲಿ ಬಂದ ಥರ್ಸ್ಟನ್ನನ ಗ್ರಂಥಮಾಲೆಯಲ್ಲೂ ಇವರ ವಿಷಯ ಬರುತ್ತದೆ. ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಟ್ಟು, ಅದಕ್ಕೆ ಬಾಯಿ ಹಾಕಿದ ಹೋರಿಯನ್ನು ಪಟ್ಟದ ಆವು ಎಂದು ಒಪ್ಪುವುದು ಅಲ್ಲಿನ ಕ್ರಮ. ಆ ದನಗಳು ದೇವರ ಪಾಲಿನವು, ಉಳುಮೆಯವಲ್ಲ. ಬಳಕೆಗೆ ಸಿಕ್ಕದಂತೆ ಎತ್ತಿಟ್ಟದ್ದು ಪವಿತ್ರ ಎಂಬ ತಿಳಿವಳಿಕೆ ಬಟ್ಟೆಯಲ್ಲೂ ದನದಲ್ಲೂ ಒಂದೇ. ಇದರಲ್ಲಿ ಅರ್ಥವಿದೆ. ಎಲ್ಲವನ್ನೂ ಅಳೆದು ಕತ್ತರಿಸಿ ಉಪಯೋಗಕ್ಕೆ ಹಚ್ಚುವ ಮನುಷ್ಯ ಒಂದಿಷ್ಟನ್ನಾದರೂ ಮುಟ್ಟದೆ ಬಿಡಬೇಕೆಂಬ ಸಂಯಮ ಇದರಲ್ಲಿದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ಈ ಪಕ್ಷದವರು ಚರಿತ್ರೆಯ ಒಂದು ಮಾತನ್ನೂ ಸೇರಿಸುವುದುಂಟು. ಹೊಲಿದ ಬಟ್ಟೆ ನಮ್ಮದಲ್ಲ, ಮುಸಲ್ಮಾನರು ಬಂದ ಮೇಲೆ ಬಂದದ್ದು, ಅದಕ್ಕೇ ಅದು ದೇವರ ಮನೆಗೆ ಹೊರಗು ಎಂದು. ಈ ಮಾತು ನಿಲ್ಲುವುದಿಲ್ಲ. ಸಿಂಧೂ ಕಣಿವೆಯ ಉತ್ಖನನಗಳಲ್ಲಿ ತಾಮ್ರದ ಸೂಜಿಗಳು ಸಿಕ್ಕಿವೆ. ಮಥುರೆಯಲ್ಲಿ ಸಿಕ್ಕ ತಲೆಯಿಲ್ಲದ ಕನಿಷ್ಕನ ವಿಗ್ರಹ ನಿಂತಿರುವುದೇ ಉದ್ದನೆಯ ಹೊಲಿದ ಮೇಲಂಗಿಯಲ್ಲಿ. ಋಗ್ವೇದದ ಎರಡನೆಯ ಮಂಡಲದಲ್ಲಂತೂ ಹುಣ್ಣಿಮೆಯ ದೇವತೆಯಾದ ರಾಕೆಯನ್ನು ಕರೆದು, ಮುರಿಯದ ಸೂಜಿಯಿಂದ ಅವಳು ತನ್ನ ಕೆಲಸವನ್ನು ಹೊಲಿಯಲಿ ಎಂದು ಕೇಳಿಕೊಳ್ಳಲಾಗಿದೆ, ಜೊತೆಗೆ ವೀರನಾದ ಮಗನನ್ನೂ. ಸಂತತಿಯನ್ನು ಬೇಡುವಾಗ ಆ ಋಷಿಗೆ ಹೊಳೆದ ಹೋಲಿಕೆ ಸೂಜಿಯ ಕೆಲಸ! ಗರ್ಭದಲ್ಲಿ ದೇಹ ಕೂಡಿಕೊಳ್ಳುವುದನ್ನು ಹೊಲಿಗೆಯಾಗಿ ಕಂಡವನಿಗೆ ಹೊಲಿಗೆ ಗಾಯವಾಗಿ ಕಂಡಿರಲಾರದು. ನಮ್ಮ ದರ್ಶನಗಳ ಮೂಲಗ್ರಂಥಗಳನ್ನು ಸೂತ್ರ ಎನ್ನುತ್ತೇವೆ. ಆ ಮಾತನ್ನು ಹೊಲಿಯುವುದು ಎಂಬರ್ಥದ ಸಂಸ್ಕೃತ ಧಾತುವಿಗೇ ಒಯ್ದು ಮುಟ್ಟಿಸುತ್ತಾರೆ. ಬೃಹದಾರಣ್ಯಕದಲ್ಲಿ ಉದ್ದಾಲಕ ಆರುಣಿ ಯಾಜ್ಞವಲ್ಕ್ಯನನ್ನು ಕೇಳುವುದು, ಈ ಲೋಕ, ಆ ಲೋಕ, ಸಕಲ ಭೂತಗಳು ಯಾವ ದಾರದಲ್ಲಿ ಕಟ್ಟಿಕೊಂಡಿವೆ ಎಂದು. ಲೋಕ ಬಿಡಿಬಿಡಿಯಾಗಿಯೇ ಇದೆ, ಕೂಡಿಸುವುದು ಯಾವುದು ಎಂಬುದೇ ಅಲ್ಲಿನ ಬೆರಗು. ಅಖಂಡ ಎಂಬ ದೊಡ್ಡ ಮಾತಿಗೆ ಮುಂಚೆ ನಮ್ಮವರು ದಾರದ ಬಗ್ಗೆ ಕೇಳಿದ್ದರು.

ಇನ್ನು ಆಚರಣೆಯ ಒಳಗೇ ಇರುವ ವಿರೋಧವನ್ನು ನೋಡಬೇಕು. ಅರ್ಚಕನ ಮೈಮೇಲೆ ಹೊಲಿಗೆ ಕೂಡದು. ಅವನು ಪೂಜಿಸುವ ದೇವರು ಬೀದಿಗೆ ಹೊರಟಾಗ ಏರುವ ತೇರಿನ ಮೈತುಂಬ ಹೊಲಿಗೆ. ತಮಿಳುನಾಡಿನ ತೇರುಗಳ ಸುತ್ತ ತೂಗುವ ಕೊಳವೆಯಾಕಾರದ ತೊಂಬೈಗಳನ್ನು ನೋಡಿದವರಿಗೆ ಇದು ಗೊತ್ತು. ಕೆಂಪು, ಹಳದಿ, ಹಸಿರು ಬಟ್ಟೆಯ ತುಂಡುಗಳನ್ನು ಆನೆ, ಯಾಳಿ, ಹೂವಿನ ಆಕಾರಕ್ಕೆ ಕತ್ತರಿಸಿ ಮತ್ತೊಂದು ಬಟ್ಟೆಯ ಮೇಲಿಟ್ಟು ಹೊಲಿದು ಮಾಡುವ ಅಲಂಕಾರ ಅದು. ತಂಜಾವೂರು ಈ ಕಸುಬಿಗೆ ಹೆಸರಾದ ಊರು. ಪುರಿಯ ಜಗನ್ನಾಥನ ರಥಕ್ಕೆ ಹೊದಿಸುವ ಬಟ್ಟೆಯ ಹಿಂದೆ ಪಿಪಿಲಿಯ ದರ್ಜಿಗಳ ಇಂಥದೇ ತೇಪೆಯ ಕಲೆಯಿದೆ. ದೇವರಿಗೆ ಹೊಲಿಗೆ ಮೈಲಿಗೆಯಲ್ಲವೆಂದಾದರೆ ಅವನ ಸೇವಕನಿಗೆ ಹೇಗೆ ಮೈಲಿಗೆ? ಸಂನ್ಯಾಸಿಯ ಕಡೆಗೆ ತಿರುಗಿದರೆ ವಿರೋಧ ಇನ್ನೂ ತೀವ್ರ. ಎಲ್ಲವನ್ನೂ ಬಿಟ್ಟವನ ಗುರುತೇ ಕಂಥೆ, ಅಂದರೆ ಬೀದಿಯ ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆ. ಸೂಫಿಗಳ ಖಿರ್ಖಾ ಎಷ್ಟೋ ವೇಳೆ ತೇಪೆಗಳ ಅಂಗಿ. ಶಾಸ್ತ್ರ ಬೇಡವೆಂದ ಹೊಲಿದದ್ದು, ಜೀರ್ಣವಾದದ್ದು, ಇನ್ನೊಬ್ಬರದು ಈ ಮೂರೂ ಜೋಗಿಯ ಮೈಮೇಲೆ ಒಟ್ಟಿಗೇ ಇವೆ, ಆದರೂ ಗೃಹಸ್ಥ ಎದ್ದು ಅವನ ಕಾಲಿಗೆ ಬೀಳುತ್ತಾನೆ.

ಇವೆಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೌದ್ಧರದು. ವಿನಯಪಿಟಕದ ಮಹಾವಗ್ಗದಲ್ಲಿ ಬುದ್ಧ ಮಗಧದ ಗದ್ದೆಗಳನ್ನು ಕಂಡು, ಸಾಲು, ಪಟ್ಟೆ, ಬದು, ಬದುಗಳು ಕೂಡುವ ಮೂಲೆಗಳಿರುವ ಆ ವಿನ್ಯಾಸದಲ್ಲೇ ಭಿಕ್ಷುಗಳ ಚೀವರ ಮಾಡಲಾದೀತೆ ಎಂದು ಆನಂದನನ್ನು ಕೇಳುತ್ತಾನೆ. ಆನಂದ ಮಾಡಿ ತೋರಿಸುತ್ತಾನೆ. ಇಡೀ ಬಟ್ಟೆಯಿದ್ದರೂ ಅದನ್ನು ಕತ್ತರಿಸಿ ಮತ್ತೆ ಹೊಲಿಯಬೇಕು. ಹಾಗೆ ತುಂಡಾದ ಬಟ್ಟೆಯ ಮೇಲೆ ಕಳ್ಳನಿಗೂ ಕಣ್ಣಿಲ್ಲ, ಉಡುವವನಿಗೂ ಮಮಕಾರವಿಲ್ಲ. ವರ್ಷಾವಾಸ ಮುಗಿದ ಮೇಲೆ ಬರುವ ಕಠಿನದ ಚೀವರವನ್ನಂತೂ ಒಂದೇ ದಿನದಲ್ಲಿ ಕತ್ತರಿಸಿ, ಹೊಲಿದು, ಬಣ್ಣ ಹಾಕಿ ಮುಗಿಸಬೇಕೆಂಬ ಕಟ್ಟಳೆಯಿದೆ. ಹೊಲಿಗೆ ಇಲ್ಲಿ ವ್ರತದ ಭಾಗವೇ ಆಯಿತು. ಮಗಧದ ಆ ಗದ್ದೆಗಳನ್ನು ಕಲ್ಪಿಸಿಕೊಳ್ಳಲು ದೂರ ಹೋಗಬೇಕಿಲ್ಲ. ಇಡುಕ್ಕಿಯ ಬೆಟ್ಟಗಳ ಅಂಚಿನಿಂದ, ಚೆಲ್ಲಾರ್‌ಕೋವಿಲ್ ಕಡೆಯಿಂದ ಬಗ್ಗಿ ನೋಡಿದರೆ ಕಂಬಂ ಕಣಿವೆ ಅದೇ ಚೀವರದ ಹಾಗೆ ಹಾಸಿಕೊಂಡಿರುತ್ತದೆ. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರಿನ ನೀರನ್ನು ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿಸಿದ ಅಣೆಕಟ್ಟು 1895ರಲ್ಲಿ ಪೂರ್ವಕ್ಕೆ ತಿರುಗಿಸಿದ ಮೇಲೆ ಈ ಕಣಿವೆಯ ಭತ್ತಕ್ಕೆ ಆಸರೆ ಗಟ್ಟಿಯಾಯಿತು. ಆ ಗದ್ದೆಗಳಲ್ಲಿ ನೀರು ನಿಲ್ಲುವುದು ಬದು ಇರುವುದರಿಂದ. ಬದುಗಳನ್ನೆಲ್ಲ ಕಿತ್ತು ಕಣಿವೆಯನ್ನು ಅಖಂಡ ಮಾಡಿದರೆ ನೀರು ತಗ್ಗಿಗೆ ಹರಿದುಹೋಗುತ್ತದೆ, ಪೈರು ಒಣಗುತ್ತದೆ. ಹೊಲಿಗೆಯನ್ನು ಗಾಯವೆಂದು ಕಾಣುವವರಿಗೆ ನನ್ನ ಉತ್ತರ ಈ ಬದು. ಎರಡು ತುಂಡುಗಳ ನಡುವಿನ ಗೆರೆ ಅವನ್ನು ಬೇರೆ ಮಾಡುವಂತೆ ಕಾಣುತ್ತದೆ. ಹಿಡಿದಿಡುವ ಕೆಲಸ ನಡೆಯುವುದೂ ಅದರಿಂದಲೇ. ಬೂರುಗದ ಅರಳೆಗೂ ಬೇಕಾದದ್ದು ಇಂಥದೇ ಒಂದು ಬದು.

ಕನ್ನಡದ ಮನಸ್ಸಿಗೆ ಈ ವಿಚಾರ ಹೊಸದಾಗಿರಲಿಲ್ಲ. ನೇಕಾರ ದಾಸಿಮಯ್ಯನ ಕಥೆಯನ್ನು ಶರಣರ ಪುರಾಣಗಳು ಹೇಳುವ ರೀತಿ ನೋಡಿ. ಬಹುಕಾಲ ಕಷ್ಟಪಟ್ಟು ನೇಯ್ದ ಅಪೂರ್ವ ವಸ್ತ್ರವನ್ನು ಅವನು ಮಾರಲು ಹೊರಡುತ್ತಾನೆ. ಜಂಗಮನ ವೇಷದಲ್ಲಿ ಬಂದ ಶಿವ ಅದನ್ನು ಬೇಡಿ ಪಡೆದು, ಕಣ್ಣೆದುರೇ ಚೂರುಚೂರಾಗಿ ಹರಿದು, ಒಂದನ್ನು ತಲೆಗೆ, ಒಂದನ್ನು ಮೈಗೆ ಸುತ್ತಿಕೊಳ್ಳುತ್ತಾನೆ. ದಾಸಿಮಯ್ಯ ಕದಲುವುದಿಲ್ಲ, ಎಂದೂ ಬರಿದಾಗದ ತವನಿಧಿ ಅವನಿಗೆ ಸಿಗುತ್ತದೆ. ಇದನ್ನು ತಾಳ್ಮೆಯ ಕಥೆಯಾಗಿ ಓದುವುದು ರೂಢಿ. ನನಗೆ ಮುಖ್ಯವಾಗುವುದು ಬೇರೆ. ಅಖಂಡ ವಸ್ತ್ರವನ್ನು ಮೊದಲು ಹರಿದವನು ಈ ಕಥೆಯಲ್ಲಿ ದೇವರೇ. ಇಡಿಯಾಗಿದ್ದಾಗ ಅದು ಸಂತೆಗೆ ಹೊರಟ ಸರಕು. ಹರಿದ ಮೇಲೆ ಚಳಿಯ ಮೈಗೆ ಹೊದಿಕೆ. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರಿದೆ, ಕದಿರೆ ಕಾಯಕದ ಕಾಳವ್ವೆಯ ಹೆಸರಿದೆ. ಸೂಜಿ ಹಿಡಿಯುವುದು ತನ್ನಷ್ಟಕ್ಕೇ ಒಂದು ಕಾಯಕ ಎಂದು ಒಪ್ಪಿದ ಸಮಾಜ ಅದನ್ನು ಇಲಿಯ ಹಲ್ಲಿನ ಜೊತೆ ಎಣಿಸಿರಲಾರದು. ಆಚೆ ಪಂಢರಪುರದ ದಾರಿಯಲ್ಲಿ ನಾಮದೇವ ಸಿಂಪಿಗರ ಕುಲದವನು. ಕರ್ನಾಟಕದ ನಾಮದೇವ ಸಿಂಪಿ ಸಮಾಜದವರು ಇಂದಿಗೂ ಅವನ ಹೆಸರಿನಲ್ಲೇ ತಮ್ಮನ್ನು ಕರೆದುಕೊಳ್ಳುತ್ತಾರೆ. ಹೊಲಿಗೆ ಮೈಲಿಗೆ ಎನ್ನುವ ನಿಯಮ ಬಟ್ಟೆಯ ಮೇಲಷ್ಟೇ ನಿಲ್ಲದೆ ಹೊಲಿಯುವ ಕೈಯ ಮೇಲೂ ಇಳಿದು ಬಂದಿತ್ತೆಂಬುದನ್ನು ಮರೆಯಬಾರದು. ಮಡಿಯನ್ನು ಸಂಯಮ ಎಂದು ಗೌರವಿಸಬಹುದು. ಅದು ಕಸುಬಿನವನ ಮೇಲಿನ ತಾತ್ಸಾರವಾದಾಗ ಗೌರವಕ್ಕೆ ಕಾರಣ ಉಳಿಯುವುದಿಲ್ಲ.

ಹಾಗಿದ್ದರೆ ಕಲಿಯುವವರ ಕೈಯ ಸಣ್ಣ ಕೆಲಸ ಈ ದೊಡ್ಡ ಮಾತಿಗೆ ಏನು ಸೇರಿಸುತ್ತದೆ? ಹದಿನಾರು ಇಂಚು ಚೌಕದ ದಿಂಬಿಗೆ ಗುಂಡಿ, ಜಿಪ್ ಯಾವುದೂ ಇಲ್ಲದ ಗವಸು ಹೊಲಿಯುವುದನ್ನು ತೆಗೆದುಕೊಳ್ಳಿ. ಹದಿನೇಳು ಇಂಚು ಅಗಲ, ಮೂವತ್ತೆಂಟು ಇಂಚು ಉದ್ದದ ಒಂದೇ ತುಂಡು ಸಾಕು. ಎರಡು ತುದಿಗಳನ್ನು ಒಂದೊಂದು ಇಂಚು ಮಡಿಚಿ ಹೊಲಿದು, ಹಿಂಬದಿಯಲ್ಲಿ ನಾಲ್ಕು ಇಂಚು ಒಂದರ ಮೇಲೊಂದು ಬರುವಂತೆ ಮಡಿಸಿ, ಎರಡು ಪಕ್ಕಗಳನ್ನು ಅರ್ಧರ್ಧ ಇಂಚು ಒಳಗೆ ಹೊಲಿದರೆ ಮುಗಿಯಿತು. ಕತ್ತರಿಗೆ ಮುಂಚೆ ಬಟ್ಟೆಯನ್ನು ಒಗೆದು ಒಣಗಿಸಿರಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಹೊಲಿಗೆಯನ್ನು ಎಳೆಯುತ್ತದೆ. ಹಳೆಯ ಅಂಗಿಗೆ ಒಗೆಯದ ಹೊಸ ಬಟ್ಟೆಯ ತೇಪೆ ಹಚ್ಚಬಾರದೆಂದು ಯೇಸು ಹೇಳಿದ ದೃಷ್ಟಾಂತಕ್ಕೆ ಆಧಾರ ಮನೆಮನೆಯ ಈ ತಿಳಿವಳಿಕೆಯೇ. ಎಳೆಯ ದಿಕ್ಕಿಗೆ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಬಟ್ಟೆ ಜಗ್ಗುತ್ತದೆ. ದಾರ ಮೊಳದುದ್ದ ಸಾಕು, ಉದ್ದವಾದಷ್ಟೂ ಗಂಟುಬೀಳುತ್ತದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಬಟ್ಟೆಯ ಮೈ. ಚೆನ್ನಾದ ಎರಡು ಮುಖಗಳನ್ನು ಒಳಗೆ ಒಂದಕ್ಕೊಂದು ಎದುರಾಗಿಟ್ಟು ಒರಟು ಬದಿಯ ಮೇಲೆ ಹೊಲಿಯಬೇಕು. ಹೊಲಿಯುವಷ್ಟು ಹೊತ್ತೂ ಕಾಣುವುದು ಹಿಮ್ಮೈಯೇ. ಕೊನೆಗೆ ತಿರುವಿದಾಗ ಮಾತ್ರ ಮುಖ ಹೊರಬರುತ್ತದೆ, ಹೊಲಿಗೆ ಒಳಗಾಗುತ್ತದೆ. ಪುಸ್ತಕ ಓದಿ ಅಖಂಡ, ಖಂಡ ಎಂದು ವಾದ ಮಾಡುವವರಿಗೆ ಈ ಅನುಭವ ಸಿಗುವುದಿಲ್ಲ. ಹಿಂದೆ ತೆಗೆದುಕೊಳ್ಳಲಾಗದ ಕತ್ತರಿ, ಬಿಚ್ಚಿ ಮತ್ತೆ ಹಾಕಬಹುದಾದ ಹೊಲಿಗೆ, ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಕೈ ಕಲಿಯುತ್ತದೆ.

ಉತ್ತರ ಕರ್ನಾಟಕದ ಕೌದಿ ಇದೇ ವಿದ್ಯೆಯ ಪ್ರೌಢ ರೂಪ. ಸವೆದ ಇಳಕಲ್ಲ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ಚೂರು ಎಲ್ಲವನ್ನೂ ಹರವಿ, ಸೂಜಿಯನ್ನು ಮೇಲೆ ಕೆಳಗೆ ಓಡಿಸುವ ಸಾದಾ ಹೊಲಿಗೆಯೊಂದರಿಂದಲೇ ಅದನ್ನು ಕಟ್ಟುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಹೂವಿನಂಥ ತ್ರಿಕೋನಗಳಿರುತ್ತವೆ. ಅವಿಲ್ಲದಿದ್ದರೆ ಕವಂದಿ ಮುಗಿದಂತಲ್ಲ. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರು ಮತದ ಸಿದ್ದಿಗಳೂ ಇದನ್ನು ಹೊಲಿಯುತ್ತಾರೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು. ತೇರು, ಗೋಪುರ, ತುಳಸಿಕಟ್ಟೆ ಅದರ ಚಿತ್ತಾರಗಳು. ಒಳಗು ಹೊರಗು ಒಂದಾಗಿರಬೇಕೆಂಬ ಮಾತನ್ನು ನಮ್ಮ ಸಂತರು ಎಷ್ಟು ಸಲ ಹೇಳಿದ್ದಾರೋ, ಈ ಹೆಂಗಸರು ಅದನ್ನು ಸೀರೆಯ ಸೆರಗಿನಲ್ಲಿ ಮಾಡಿ ತೋರಿಸಿದ್ದಾರೆ. ಯಾರೂ ಅವರನ್ನು ದಾರ್ಶನಿಕರೆಂದು ಕರೆಯಲಿಲ್ಲ.

ಈಗ ಆಕ್ಷೇಪಗಳು. ಹೊಲಿಗೆಯ ಸಂದುಗಳಲ್ಲಿ ಕೊಳೆ ನಿಲ್ಲುತ್ತದೆ, ಇಡೀ ಬಟ್ಟೆ ಚೆನ್ನಾಗಿ ಒಗೆಯುತ್ತದೆ, ಮಡಿಯ ನಿಯಮ ಬರೀ ಶುಚಿಯ ನಿಯಮ ಎನ್ನುವವರಿದ್ದಾರೆ. ಹಾಗಿದ್ದರೆ ದಿನವೂ ಒಗೆಯದ ರೇಷ್ಮೆ ಮಡಿಗೆ ಬರುತ್ತದೆ, ಆಗತಾನೆ ಒಗೆದ ಹತ್ತಿಯ ಅಂಗಿ ಬರುವುದಿಲ್ಲ, ಇದಕ್ಕೆ ಅವರಲ್ಲಿ ಉತ್ತರವಿಲ್ಲ. ಆದ್ದರಿಂದ ಅದನ್ನು ಬಿಡೋಣ. ಗಟ್ಟಿಯಾದ ಆಕ್ಷೇಪ ವಿರಕ್ತರದು. ಕಂಥೆಯನ್ನು ಸಂನ್ಯಾಸಿ ಹೊಲಿದದ್ದು ಚಂದಕ್ಕಲ್ಲ. ನೀವು ಮನೆಗೆ ಪರದೆ, ತೋರಣ ಹೊಲಿಯುವುದು ಚಂದಕ್ಕೆ. ಅವನದು ತ್ಯಾಗ, ನಿಮ್ಮದು ಮೋಹ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಬೇಡಿ. ಈ ಮಾತಿನಲ್ಲಿ ಸತ್ಯವಿದೆ, ಅಲಂಕಾರ ಎಂಬುದರ ಅರ್ಥ ಮೆರೆಸುವುದು ಎಂದಾದರೆ. ಕಲಾಚಿಂತಕ ಆನಂದ ಕುಮಾರಸ್ವಾಮಿ 1939ರ ಒಂದು ಪ್ರಬಂಧದಲ್ಲಿ ಅಲಂಕಾರದಂಥ ಮಾತುಗಳ ಬೇರು ಹುಡುಕಿದ್ದಾರೆ. ಅಲಂ ಎಂದರೆ ಸಾಕಷ್ಟು. ಅಲಂಕರಿಸುವುದೆಂದರೆ ಒಂದು ವಸ್ತುವನ್ನು ಅದರ ಕೆಲಸಕ್ಕೆ ಸಾಕಾಗುವಂತೆ ಸಜ್ಜು ಮಾಡುವುದು, ಚಂದ ಆಮೇಲೆ ಸೇರಿಕೊಂಡ ಅರ್ಥ. ತೋರಣವಿಲ್ಲದ ಬಾಗಿಲಿನಿಂದಲೂ ಒಳಗೆ ಬರಬಹುದು. ಆದರೆ ಬರುವವರನ್ನು ಕಾಯುತ್ತಿದ್ದೇವೆ ಎಂದು ಹೇಳುವ ಕೆಲಸ ಆ ಬಾಗಿಲಿಗೆ ಸಾಧ್ಯವಾಗುವುದು ತೋರಣದಿಂದ. ಚಿತ್ತಿರೈ ತಿಂಗಳಲ್ಲಿ ತೇನಿ ಬಳಿಯ ವೀರಪಾಂಡಿಯ ಗೌಮಾರಿಯಮ್ಮನ ತೇರು ಎಳೆಯುವಾಗ ತೇರನ್ನು ಸಿಂಗರಿಸದೆ ಬರೀ ಮರದ ಚೌಕಟ್ಟಾಗಿ ಎಳೆಯೋಣ ಎಂದು ವಿರಕ್ತರೂ ಹೇಳುವುದಿಲ್ಲ. ಇನ್ನೂ ಒಂದಿದೆ. ಮೋಹಕ್ಕೆ ಮದ್ದು ಹೊಸದನ್ನು ಕೊಳ್ಳದಿರುವುದು, ಇದ್ದದ್ದನ್ನು ಕೊನೆಯ ಎಳೆಯವರೆಗೆ ಬಳಸುವುದು. ಹಳೆಯ ಸೀರೆಯ ಪರದೆ ಈ ಲೆಕ್ಕದಲ್ಲಿ ಕಂಥೆಗೇ ಹತ್ತಿರ.

ನನಗೆ ನಿಜವಾಗಿ ಕಷ್ಟವಾಗುವ ಆಕ್ಷೇಪ ಮತ್ತೊಂದು. ಹೊಲಿಗೆಯನ್ನು ಸಾಧನೆ, ಕಾಯಕ ಎಂದು ಹೊಗಳುವುದು ಹೆಂಗಸರ ಸಂಬಳವಿಲ್ಲದ ದುಡಿಮೆಗೆ ಹೂಮಾಲೆ ಹಾಕಿದಂತಲ್ಲವೆ? ಕೌದಿ ಹೊಲಿದವರು ಅಧ್ಯಾತ್ಮಕ್ಕಾಗಿ ಹೊಲಿಯಲಿಲ್ಲ, ಮಕ್ಕಳು ಚಳಿಗೆ ನಡುಗುತ್ತಿದ್ದರೆಂದು ಹೊಲಿದರು. ತಮಿಳುನಾಡು ಸರಕಾರ ಸತ್ಯವಾಣಿ ಮುತ್ತು ಅವರ ಹೆಸರಿನ ಯೋಜನೆಯಲ್ಲಿ ವಿಧವೆಯರಿಗೆ, ಬಡ ಹೆಂಗಸರಿಗೆ ಹೊಲಿಗೆ ಯಂತ್ರವನ್ನು ಉಚಿತವಾಗಿ ಕೊಡುವುದು ಅವರಿಗೆ ಮೋಕ್ಷ ಸಿಗಲೆಂದಲ್ಲ, ಅನ್ನ ಸಿಗಲೆಂದು. ಒಪ್ಪುತ್ತೇನೆ. ಊರಿನ ಟೈಲರ್ ಅಂಗಡಿಗಳಲ್ಲಿ ಕೂ‌ಲಿ ಪಡೆದು ಹೊಲಿಯುವವರಲ್ಲಿ ಗಂಡಸರು ಹೆಚ್ಚು, ಮನೆಯೊಳಗೆ ಕೂಲಿಯಿಲ್ಲದೆ ಹೊಲಿಯುವವರು ಹೆಂಗಸರೇ ಎಂಬುದು ಕಣ್ಣಿಗೆ ಹೊಡೆಯುವ ಸಂಗತಿ. ಆದರೆ ಶರಣರು ಕಾಯಕ ಎಂದಾಗ ಅದರಲ್ಲಿ ಗಳಿಕೆಯೂ ಇತ್ತು, ಅದು ಗಂಡಿಗೂ ಹೆಣ್ಣಿಗೂ ಸಮನಾಗಿ ಅನ್ವಯಿಸುತ್ತಿತ್ತು. ರಾಮಿತಂದೆ ಗಂಡಸು ಎಂಬುದನ್ನು ಮರೆತು ನಾವು ಸೂಜಿಯನ್ನು ಹೆಣ್ಣಿನ ಕೈಗೆ ಕಟ್ಟಿಬಿಟ್ಟೆವು. ಹೇರಿದ ಹೊಲಿಗೆಯನ್ನು ಪೂಜೆ ಎನ್ನುವುದು ಮೋಸ. ಅದಕ್ಕೆ ಪರಿಹಾರ ಹೊಲಿಗೆಯನ್ನು ಕೀಳುಗಳೆಯುವುದಲ್ಲ. ಅಂಗಿಯ ಗುಂಡಿ ಕಿತ್ತರೆ ಯಾರದೋ ಮುಖ ನೋಡುವ ಗಂಡುಮಕ್ಕಳಿಗೆ ಹತ್ತು ವರ್ಷಕ್ಕೇ ಸೂಜಿ ಪೋಣಿಸಲು ಕಲಿಸುವುದು. ತನ್ನ ದಿಂಬಿನ ಗವಸನ್ನು ತಾನೇ ಹೊಲಿದವನಿಗೆ ಇನ್ನೊಬ್ಬರ ಹೊಲಿಗೆಯ ಬೆಲೆ ಗೊತ್ತಾಗುತ್ತದೆ, ಕೂಲಿ ಕೊಡುವಾಗ ಚೌಕಾಸಿ ಮಾಡಲು ಅವನ ನಾಲಗೆ ಹಿಂಜರಿಯುತ್ತದೆ.

ಅಂಗಡಿಯಲ್ಲಿ ಇನ್ನೂ ಅಗ್ಗಕ್ಕೆ ಸಿಗುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ದೀರ್ಘ ಉತ್ತರ ಬೇಕಿಲ್ಲ. ಅಗ್ಗದ ಗವಸನ್ನೂ ಯಾರೋ ಒಬ್ಬರು ಹೊಲಿದಿದ್ದಾರೆ. ಅಗ್ಗವಾದದ್ದು ಅವರ ಕೂಲಿ. ಇಲ್ಲಿ 1921ರ ಸೆಪ್ಟೆಂಬರ್ ನೆನಪಾಗುತ್ತದೆ. ಆಗ ಈ ಕಣಿವೆಯೂ ಸೇರಿದ್ದ ಮದುರೆ ಜಿಲ್ಲೆಯ ಮುಖ್ಯ ಊರಿನಲ್ಲಿ ಗಾಂಧಿ ಅಂಗಿ, ಟೋಪಿಗಳನ್ನು ಬಿಟ್ಟು ಮೊಳಕಾಲಿನವರೆಗಿನ ತುಂಡುಪಂಚೆಗೆ ಇಳಿದರು. ಹೊಲಿಗೆಯಿಲ್ಲದ ಬಟ್ಟೆಯ ಪಕ್ಷದವರು ಅವರನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಗಾಂಧಿ ಕೊಟ್ಟ ಕಾರಣ ಮಾತ್ರ ಮಡಿಯದಲ್ಲ. ಮೈತುಂಬ ಖಾದಿ ತೊಡಲು ಬಡವರಿಗೆ ಸಾಧ್ಯವಿಲ್ಲವೆಂಬುದು ಅವರನ್ನು ಕಾಡಿತ್ತು. ಬಟ್ಟೆಯ ಪಾವಿತ್ರ್ಯವನ್ನು ಅವರು ಅಳೆದದ್ದು ಅದನ್ನು ಯಾರು ನೂತರು, ಯಾರಿಗೆ ಎಟುಕುತ್ತದೆ ಎಂಬುದರಿಂದ. ಹೊಲಿಗೆ ಇದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಗಾಂಧಿಯ ದಾರಿ ಹಿಡಿದ ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ 1947ರಲ್ಲಿ ದಿಂಡಿಗಲ್ ಬಳಿ ಗಾಂಧಿಗ್ರಾಮ ಕಟ್ಟಿದ್ದು, ನೇಕಾರರ ಊರಾದ ಚಿನ್ನಾಳಪಟ್ಟಿಯ ಮಗ್ಗುಲಲ್ಲೇ. ಅಲ್ಲಿನ ಸುಂಗುಡಿ ಸೀರೆ ಹಳೆಯದಾದರೆ ಬಲು ಮೆತ್ತಗೆ. ಪರದೆಗೂ ಕೌದಿಗೂ ಹೇಳಿ ಮಾಡಿಸಿದ ಬಟ್ಟೆ.

ಕಣಿವೆಯ ಕನ್ನಡದ ಬಗ್ಗೆ ಒಂದು ಮಾತು ಉಳಿಯಿತು. ಬೆಂಗಳೂರು, ಮೈಸೂರಿನ ಕಡೆಯವರು ಅದನ್ನು ಕೇಳಿದರೆ ತಮಿಳು ಬೆರೆತ ಹರುಕು ಕನ್ನಡ ಎನ್ನುತ್ತಾರೆ. ಶುದ್ಧ ಎಂದರೆ ತೇಪೆಯಿಲ್ಲದ್ದು ಎಂಬ ಅದೇ ಮಡಿ ಇಲ್ಲಿ ಭಾಷೆಯ ಮೇಲೆ ಕೂತಿದೆ. ಆ ತೇಪೆಗಳಿಲ್ಲದಿದ್ದರೆ ಆ ಬಟ್ಟೆ ಇಷ್ಟು ತಲೆಮಾರು ಬಾಳುತ್ತಿರಲಿಲ್ಲ. ಸವೆದ ಜಾಗಕ್ಕೆ ಪಕ್ಕದ ಮನೆಯ ಬಟ್ಟೆಯಿಂದ ಒಂದು ಚೂರು ತಂದು ಹಚ್ಚಿ, ಮನೆಯವರು ಅದನ್ನು ಮತ್ತೆ ಹೊದ್ದರು. ಹೀಗೆ ಹೊದ್ದವರಿಗೆ ಅದು ಹರಿದದ್ದು ಎಂದು ಹೇಳುವ ಅಧಿಕಾರ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಪೀತಾಂಬರದವರಿಗೆ ಇಲ್ಲ.

ಬೂರುಗದ ಅರಳೆಗೆ ಒಳಚೀಲ ಹೊಲಿಯುವವರು ನೆನಪಿಡಬೇಕಾದದ್ದು ಇಷ್ಟು. ಬಟ್ಟೆ ಒತ್ತಾಗಿ ನೇಯ್ದದ್ದಿರಲಿ, ಇಲ್ಲದಿದ್ದರೆ ಎಳೆಗಳು ಹೊರಗೆ ಇಣುಕುತ್ತವೆ. ಅರಳೆಯನ್ನು ಫ್ಯಾನಿನ ಕೆಳಗೆ ಬಿಡಿಸಬೇಡಿ, ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಿ. ಮೂರು ಪಕ್ಕ ಪೂರ್ತಿಯಾಗಿ, ನಾಲ್ಕನೆಯದನ್ನು ಕೈ ತೂರುವಷ್ಟು ಬಿಟ್ಟು ಒಳಮೈಯಿಂದ ಹೊಲಿದು ತಿರುವಿ, ಮೂಲೆಗಳಿಂದ ಶುರುಮಾಡಿ ತುಂಬಿ. ಕೊನೆಯ ಆ ನಾಲ್ಕು ಬೆರಳಿನ ಬಾಯಿಯನ್ನು ಮಾತ್ರ ಹೊರಗಿನಿಂದ ಕೈಯಲ್ಲೇ ಮುಚ್ಚಬೇಕಾಗುತ್ತದೆ. ಆ ಹೊಲಿಗೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣಲಿ ಬಿಡಿ.